ರಕ್ತ ಅಲುಗದಂತೆ ಇಪ್ಪತ್ತೆರಡು ಮೆಟ್ಟಿಲು

ಬೆಳಗಿನ ಆರು ಗಂಟೆ ಐದು ನಿಮಿಷ. ಹೊಸಕೋಟೆಯಲ್ಲಿ ಹಳೇ ಮದ್ರಾಸ್ ರಸ್ತೆಯ ಮಗ್ಗುಲಿಗಿರುವ ಟ್ರಸ್ಟ್ ಆಸ್ಪತ್ರೆಯೊಂದರ ಮೊದಲ ಮಹಡಿ. ಜ್ವರದ ವಾರ್ಡಿನಲ್ಲಿ ರೋಗಿಗಳು ಇನ್ನೂ ಮಂಪರಿನಲ್ಲಿದ್ದಾರೆ, ಅವರ ಕಡೆಯವರು ಫ್ಲಾಸ್ಕ್ ಹಿಡಿದು ಕಾಫಿಗೆ ಹೊರಟಿದ್ದಾರೆ. ಲ್ಯಾಬ್ ಟೆಕ್ನಿಷಿಯನ್ ಶಾಝಿಯಾ ಹನ್ನೊಂದನೇ ಮಂಚದ ಪಕ್ಕ ಕೂತು ದೊಡ್ಡಬೀರಪ್ಪ ಎಂಬ ಅಜ್ಜನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಾರೆ. ಅವರ ಬೆನ್ನ ಹಿಂದೆ, ಸೀರೆಯ ಮೇಲೆ ಬಿಳಿ ಕೋಟು ತೊಟ್ಟ ಹೆಂಗಸೊಬ್ಬರು ಟ್ಯೂಬುಗಳ ಸ್ಟ್ಯಾಂಡ್ ಹಿಡಿದು ನಿಂತಿದ್ದಾರೆ. ವಯಸ್ಸು ನಲವತ್ತೊಂಬತ್ತು. ಕೋಟಿನ ಜೇಬಿನ ಮೇಲೆ ಹೆಸರಿಲ್ಲ. ಅಟೆಂಡರುಗಳಿಗೆ ಹೆಸರಿನ ಪಟ್ಟಿ ಕೊಡುವ ಪದ್ಧತಿ ಈ ಆಸ್ಪತ್ರೆಯಲ್ಲಿ ಇಲ್ಲ.

ಅವರ ಹೆಸರು ಮುತ್ಯಾಲಮ್ಮ. ಶಾಝಿಯಾ ತೆಗೆದ ರಕ್ತದ ಟ್ಯೂಬನ್ನು ಕೈಗೆ ತೆಗೆದುಕೊಂಡು, ತಲೆಕೆಳಗು ಮಾಡಿ ಮೆಲ್ಲಗೆ ಮೇಲೆತ್ತುತ್ತಾರೆ. ಹೀಗೆ ಐದು ಸಲ. ಆರನೆಯದು ಇಲ್ಲ. ಸ್ಟ್ಯಾಂಡಿಗೆ ಸಿಕ್ಕಿಸಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಹನ್ನೆರಡು ಟ್ಯೂಬು ತುಂಬಿದ ಮೇಲೆ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯಲು ಶುರು ಮಾಡುತ್ತಾರೆ. ಲ್ಯಾಬು ನೆಲಮಹಡಿಯಲ್ಲಿದೆ. ಇಪ್ಪತ್ತೆರಡು ಮೆಟ್ಟಿಲು. ಲಿಫ್ಟ್ ಇದೆ, ಅವರು ಹತ್ತುವುದಿಲ್ಲ. ನಿಲ್ಲುವಾಗ ಅದು ಒಮ್ಮೆ ಜಗ್ಗುತ್ತದಂತೆ.

"ತುಂಬಿದ ಕೊಡ ತುಳುಕಲ್ಲ ಅಂತಾರೆ. ನಮ್ ಟ್ಯೂಬು ಮುಕ್ಕಾಲೇ ತುಂಬಿರ್ತದೆ ಕಣಪ್ಪ. ಅದು ತುಳುಕೇ ತುಳುಕ್ತದೆ. ನಾವೇ ತುಳುಕ್ದಂಗೆ ನಡೀಬೇಕು," ಎನ್ನುತ್ತಾರೆ, ಕಣ್ಣು ಮೆಟ್ಟಿಲ ಮೇಲೇ ಇಟ್ಟು.

ಮೆಟ್ಟಿಲ ತಿರುವಿನಲ್ಲಿ ದೊಡ್ಡಬೀರಪ್ಪನ ಮಗ ಅಡ್ಡ ಬಂದು ಕೇಳುತ್ತಾನೆ: "ಅಮ್ಮಾ, ನಮ್ಮಪ್ಪಂದು ಪ್ಲೇಟ್ಲೆಟ್ ಎಷ್ಟೈತೆ?"

"ಈಗ್ ತಾನೆ ತೆಗ್ದಿರೋದು ಕಣಪ್ಪ. ನನ್ ಮುಖದ್ ಮೇಲೆ ಬರ್ದಿರ್ತದಾ? ಮಿಷನ್ಗೆ ಹಾಕ್ಬೇಕು, ಅದು ಹೇಳ್ಬೇಕು. ದಾರಿ ಬಿಡು."

ಡೆಂಗಿಯ ಕಾಲ ಬಂತೆಂದರೆ ಹೊಸಕೋಟೆಯಲ್ಲಿ ತರಕಾರಿ ಮಂಡಿಯ ಹಮಾಲಿಯಿಂದ ಹಿಡಿದು ಕಾರ್ಖಾನೆಯ ಸೂಪರ್‌ವೈಸರ್‌ವರೆಗೆ ಎಲ್ಲರ ಬಾಯಲ್ಲೂ ಅದೊಂದೇ ಮಾತು, ಪ್ಲೇಟ್ಲೆಟ್. ಮುತ್ಯಾಲಮ್ಮ ಹೊರುವ ಟ್ಯೂಬುಗಳಲ್ಲಿ ಅದೂ ಇರುತ್ತದೆ. ಆದರೆ ಹಳದಿ ಮುಚ್ಚಳದ ಟ್ಯೂಬೊಂದು ಬೇರೆ ಕೆಲಸಕ್ಕೆಂದೇ ಹೋಗುತ್ತದೆ. ಅದರ ಸುದ್ದಿ ಯಾರೂ ಕೇಳುವುದಿಲ್ಲ. ಈ ಆಸ್ಪತ್ರೆಯಲ್ಲಿ ಯಾರಿಗೆ ಗಾಜಿನ ರೂಮಿನಲ್ಲಿ ಮಂಚ ಸಿಗಬೇಕು ಎನ್ನುವುದನ್ನು ಬಹುಪಾಲು ಅದೇ ಹೇಳುತ್ತದೆ. ಒಂದು ಸಲ ಅದು ತಪ್ಪು ಹೇಳಿತು. ತಪ್ಪು ಹೇಳಿಸಿದ್ದು ತನ್ನ ಕೈ ಎಂದು ಮುತ್ಯಾಲಮ್ಮ ಹೇಳುತ್ತಾರೆ. ಆ ತಪ್ಪಿನಿಂದ ಕಷ್ಟಕ್ಕೆ ಬಿದ್ದ ಕವಿತ ಎಂಬ ಹೆಣ್ಣುಮಗಳಿಗೆ ಅದು ಯಾರ ಕೈ ಎಂದು ಗೊತ್ತಿಲ್ಲ.

ಹಾಗಾಗಿ, ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದಾಗ ಮುತ್ಯಾಲಮ್ಮ ಒಂದೇ ಷರತ್ತು ಹಾಕಿದರು. "ಬರೀರಿ. ಆ ವಿಷ್ಯ ಬಿಟ್ಟು ಬರ್ದ್ರೆ ಸುಳ್ಳಾಗ್ತದೆ, ಸೇರ್ಸೇ ಬರೀರಿ. ಆದ್ರೆ ಕವಿತ ಪೇಪರ್ನಾಗೆ ಓದೋಕ್ ಮುಂಚೆ ನನ್ ಬಾಯಿಂದ ಕೇಳ್ಬೇಕು. ಅಲ್ಲೀವರ್ಗೂ ಅಚ್ಚಾಕ್ಬೇಡಿ."

ಗಾಜಿನ ರೂಮು ಎಂದರೆ ವಾರ್ಡಿನ ಕೊನೆಯಲ್ಲಿರುವ, ಗಾಜಿನ ಬಾಗಿಲಿನ ಕೋಣೆ. ಅಲ್ಲಿ ನಾಲ್ಕು ಮಂಚ, ಮಂಚಕ್ಕೊಂದು ಮಾನಿಟರ್, ಹಗಲೂ ರಾತ್ರಿ ಕದಲದ ಒಬ್ಬ ನರ್ಸ್. ಐದನೇ ರೋಗಿ ಬಂದರೆ ಬೆಂಗಳೂರೇ ಗತಿ. ವೈರಸ್ ಜ್ವರವೆಂದು ದಾಖಲಾಗುವವರಲ್ಲಿ ಹೆಚ್ಚಿನವರು ನಾಲ್ಕು ದಿನ ಗ್ಲೂಕೋಸ್ ಏರಿಸಿಕೊಂಡು ನಡೆದೇ ಮನೆಗೆ ಹೋಗುತ್ತಾರೆ. ಕೆಲವರು ಮಾತ್ರ ಜ್ವರ ಬಿಟ್ಟಿತು ಎನ್ನುವ ಹೊತ್ತಿಗೆ ಸರಿಯಾಗಿ ಕುಸಿಯುತ್ತಾರೆ. ದಾಖಲಾದ ದಿನ ಎರಡೂ ಬಗೆಯವರು ಒಂದೇ ಥರ ಕಾಣುತ್ತಾರೆ, ಒಂದೇ ಥರ ನರಳುತ್ತಾರೆ. ಯಾರು ಯಾವ ಕಡೆ ಹೋಗುತ್ತಾರೆಂದು ಮೊದಲ ದಿನವೇ ಗೊತ್ತಾದರೆ ನಾಲ್ಕು ಮಂಚವನ್ನು ನ್ಯಾಯವಾಗಿ ಹಂಚಬಹುದು. ಆಸ್ಪತ್ರೆಯ ಡಾಕ್ಟರ್ ಚೈತ್ರ ಬೆಂಗಳೂರಿನ ಒಂದು ಕಾಲೇಜಿನ ಜೊತೆ ಸೇರಿ ಕಳೆದ ವರ್ಷ ಜೂನ್‌ನಲ್ಲಿ ಶುರು ಮಾಡಿದ ಅಧ್ಯಯನ ಇದೇ.

ಮೊದಲ ದಿನದ ರಕ್ತದಲ್ಲಿ ನಾಲ್ಕು ಸಂಗತಿ ನೋಡುತ್ತಾರೆ. ಮೈಯೊಳಗೆ ಉರಿಯೂತ ಎಷ್ಟಿದೆ ಎಂದು ಹೇಳುವ ಸಿಆರ್‌ಪಿ, ಕಾಯಿಲೆ ಜೋರಾದಾಗ ಏರುವ ಫೆರಿಟಿನ್, ಬಿಳಿ ರಕ್ತಕಣಗಳಲ್ಲಿ ಯಾವುದು ಎಷ್ಟಿದೆ ಎಂಬ ಲೆಕ್ಕ, ಮತ್ತು ಎಲ್‌ಡಿಎಚ್. ಈ ಕೊನೆಯದು ಜೀವಕೋಶಗಳ ಒಳಗಿರುವ ವಸ್ತು. ಕೋಶ ಒಡೆದರೆ ಹೊರಗೆ ಸೋರುತ್ತದೆ. ನಾಲ್ಕನ್ನೂ ಕೂಡಿಸಿ ಹತ್ತಕ್ಕೆ ಇಷ್ಟು ಎಂದು ಒಂದು ಅಂಕಿ. ಏಳು ದಾಟಿದರೆ ಗಾಜಿನ ರೂಮು.

"ನಂಗೆ ಈ ಹೆಸ್ರೆಲ್ಲ ಬಾಯಿಗೆ ಬರಲ್ಲ. ನಂಗೆ ಗೊತ್ತಿರೋದು ತಿಳಿ," ಎನ್ನುತ್ತಾರೆ ಮುತ್ಯಾಲಮ್ಮ. ಹಳದಿ ಮುಚ್ಚಳದ ಟ್ಯೂಬನ್ನು ಅರ್ಧ ಗಂಟೆ ಅಲುಗಿಸದೆ ಇಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ತಿರುಗಿಸುವ ಮಿಷನ್ನಿಗೆ ಹಾಕಿ ಹತ್ತು ನಿಮಿಷ ಓಡಿಸಿದರೆ ಕೆಂಪು ಕೆಳಗಿಳಿದು, ಮೇಲೆ ನೀರಿನಂಥದ್ದು ನಿಲ್ಲುತ್ತದೆ. ಲ್ಯಾಬಿನವರು ಅದಕ್ಕೆ ಸೀರಮ್ ಎನ್ನುತ್ತಾರೆ. ಬೇಳೆಕಟ್ಟಿನ ತಿಳಿ ಬಸಿದು ಗೊತ್ತಿರುವ ಮುತ್ಯಾಲಮ್ಮ ತಿಳಿ ಎನ್ನುತ್ತಾರೆ. ಈಗೀಗ ಶಾಝಿಯಾ ಬಾಯಲ್ಲೂ ಅದೇ ಮಾತು ಬಂದುಬಿಟ್ಟಿದೆ.

ಮುತ್ಯಾಲಮ್ಮನ ಊರು ಜಡಿಗೇನಹಳ್ಳಿ ಹೋಬಳಿಯ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಶಾಝಿಯಾ ಅವರ ಅಮ್ಮ ಲ್ಯಾಬಿಗೆ ಫೋನ್ ಮಾಡಿದಾಗ ನಾಲ್ಕು ಮಾತು ಉರ್ದು. ಏಳನೇ ಕ್ಲಾಸಿಗೆ ಶಾಲೆ ನಿಂತಿತು. ಹದಿನೆಂಟಕ್ಕೆ ಮದುವೆ, ಇಬ್ಬರು ಹೆಣ್ಣುಮಕ್ಕಳು. ಇಬ್ಬರಿಗೂ ಮದುವೆಯಾಗಿದೆ. ಗಂಡ ಆಂಜಿನಪ್ಪ ಊರಲ್ಲೇ ಹೊಲ ನೋಡಿಕೊಳ್ಳುತ್ತಾರೆ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಆಂಜಿನಪ್ಪ ಬೀಡಿ ಆರಿಸಿ, "ಅವ್ಳು ರಕ್ತದ್ ಡಿಪಾರ್ಟ್‌ಮೆಂಟು," ಎನ್ನುತ್ತಾರೆ. ದಿನಾ ಬೆಳಗ್ಗೆ ಐದಕ್ಕೆ ಬಸ್ ಸ್ಟಾಪಿನ ತನಕ ಬೈಕಿನಲ್ಲಿ ಬಿಟ್ಟು ಬರುವವರು ಅವರೇ.

ಆಸ್ಪತ್ರೆಗೆ ಬಂದು ಮೂರು ವರ್ಷ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಊರಿನ ಮಹಿಳಾ ಹಾಲಿನ ಸಂಘದಲ್ಲಿ ಟೆಸ್ಟರ್. ಅದು ಸಣ್ಣ ಕೆಲಸವಲ್ಲ. ಊರಿನ ಹೆಂಗಸರು ಎರಡು ಹೊತ್ತು ಹಾಲು ತರುತ್ತಾರೆ. ಹಾಲು ಎಷ್ಟು ಗಟ್ಟಿಯೆಂದು ಡಿಗ್ರಿ ನೋಡಬೇಕು, ಕೊಬ್ಬು ಎಷ್ಟೆಂದು ಫ್ಯಾಟ್ ನೋಡಬೇಕು, ನೀರು ಬೆರೆಸಿದ್ದರೆ ಸ್ವಂತ ನಾದಿನಿಯ ಮುಖಕ್ಕೇ ಹೇಳಬೇಕು. ಮುತ್ಯಾಲಮ್ಮ ಹೇಳುತ್ತಿದ್ದರು. ನಾದಿನಿ ಎರಡು ವರ್ಷ ಮಾತು ಬಿಟ್ಟಿದ್ದರು. ಆಮೇಲೆ ಎಲ್ಲವನ್ನೂ ತಾನೇ ಅಳೆದು ತಾನೇ ಚೀಟಿ ಕೊಡುವ ಮಿಷನ್ನು ಬಂತು, ಟೆಸ್ಟರ್ ಬೇಡವಾದರು.

"ಹಾಲಿನ್ ಟೆಸ್ಟಿಗೆ ಮೊದ್ಲು ಏನ್ ಕಲಿಸ್ತಾರೆ ಹೇಳಿ. ಬಾಟ್ಲಿ ಅಲ್ಲಾಡ್ಸೋದು," ಎಂದು ಕೈಯಾಡಿಸಿ ತೋರಿಸುತ್ತಾರೆ. "ಅಲ್ಲಾಡಿಸ್ದೆ ಇದ್ರೆ ಕೆನೆ ಮೇಲ್ ನಿಂತ್ಕಂತದೆ, ಫ್ಯಾಟ್ ತಪ್ಪು ಬರ್ತದೆ. ಪಾಪ ಯಾರ್ದೋ ಹಾಲಿಗೆ ಅನ್ಯಾಯ ಆಗ್ತದೆ. ಅದ್ಕೆ ಚೆನ್ನಾಗಿ ಅಲ್ಲಾಡ್ಸು ಅಂತಿದ್ರು. ಹದ್ನಾಲ್ಕು ವರ್ಷ ಹಿಂಗೇ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕೈಗುಣವೂ ಅಷ್ಟೇ. ಆಸ್ಪತ್ರೆಯಲ್ಲಿ ಮೊದಮೊದಲು ಅದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಟ್ಯೂಬುಗಳನ್ನು ಶಾಝಿಯಾ ತಾವೇ ಕೆಳಗೆ ಒಯ್ಯುತ್ತಿದ್ದರು. ಮುತ್ಯಾಲಮ್ಮ ಗಾಜಿನ ಸಾಮಾನು ತೊಳೆಯುವುದು, ನೆಲ ಒರೆಸುವುದು, ಚೀಟಿ ಅಂಟಿಸುವುದು ಮಾಡುತ್ತಿದ್ದರು. ಕಳೆದ ಸೆಪ್ಟೆಂಬರ್‌ನಲ್ಲಿ ಜ್ವರ ಊರ ಮೇಲೆ ಬಿತ್ತು. ನಲವತ್ತು ಮಂಚದ ವಾರ್ಡಿನಲ್ಲಿ ಅರವತ್ತು ಜನ. ಶಾಝಿಯಾ ಕೂಡ ಮಲಗಿದರು. ಬದಲಿಗೆ ಬಂದ ಟೆಕ್ನಿಷಿಯನ್‌ಗೆ ಮೇಲೆ ಕೆಳಗೆ ಓಡಲು ಪುರುಸೊತ್ತಿಲ್ಲ. ಬೆಳಗಿನ ಟ್ಯೂಬುಗಳನ್ನೆಲ್ಲ ಮುತ್ಯಾಲಮ್ಮನ ಕೈಗಿಟ್ಟು ಅವರು ಮಿಷನ್ ಮುಂದೆ ಕೂತರು.

ಮುತ್ಯಾಲಮ್ಮ ಟ್ಯೂಬುಗಳನ್ನು ಒಯ್ದರು. ಮಿಷನ್ ಹತ್ತಿರ ಕೊಡುವ ಮುಂಚೆ ಒಂದೊಂದನ್ನೂ ಹಿಡಿದು ಚೆನ್ನಾಗಿ ಅಲ್ಲಾಡಿಸಿದರು. ಯಾರೂ ಅಲ್ಲಾಡಿಸಿ ಎಂದಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಯಾರ ರಕ್ತಕ್ಕೂ ಅನ್ಯಾಯ ಆಗಬಾರದು ಎಂಬುದಷ್ಟೇ ಅವರ ತಲೆಯಲ್ಲಿದ್ದದ್ದು.

ರಕ್ತ ಹಾಲಲ್ಲ. ಜೋರಾಗಿ ಅಲ್ಲಾಡಿಸಿದರೆ ಕೆಂಪು ಕಣಗಳು ಒಡೆಯುತ್ತವೆ, ಒಳಗಿನ ಎಲ್‌ಡಿಎಚ್ ತಿಳಿಗೆ ಸೋರುತ್ತದೆ. ಕಣ ರೋಗಿಯ ಮೈಯೊಳಗೆ ಒಡೆದದ್ದೋ ಅಟೆಂಡರ್ ಕೈಯೊಳಗೆ ಒಡೆದದ್ದೋ ಮಿಷನ್ನಿಗೆ ಹೇಗೆ ಗೊತ್ತಾಗಬೇಕು. ಅಂಕಿ ಏರಿಸಿ ಬರೆಯುತ್ತದೆ. ತಿಳಿ ನಸುಗೆಂಪಾಗಿ ಬಂದಾಗ ಕಣ್ಣಿದ್ದವರು ನಿಲ್ಲಿಸಿ ನೋಡಬೇಕಿತ್ತು. ದಿನಕ್ಕೆ ತೊಂಬತ್ತು ಟ್ಯೂಬಿನ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ.

ಹೀಗೆ ಹತ್ತೊಂಬತ್ತು ದಿನ ನಡೆಯಿತು.

ಇಪ್ಪತ್ತನೇ ದಿನ ಶಾಝಿಯಾ ವಾಪಸು ಬಂದರು. ಮುತ್ಯಾಲಮ್ಮ ಒಯ್ದಿದ್ದ ಮೊದಲ ಸುತ್ತಿನ ಟ್ಯೂಬುಗಳನ್ನು ಕಿಟಕಿಗೆ ಹಿಡಿದು, "ಯಾಕಮ್ಮಾ ಎಲ್ಲಾ ಪಿಂಕ್ ಇದೆ? ಸೂಜಿ ಬದಲಾಯಿಸಿದ್ರಾ?" ಎಂದು ಕೇಳಿದರು. ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ವಾರ್ಡಿಗೆ ಹತ್ತಿದರು. ಮಾತು ಅಲ್ಲಿಗೆ ಮುಗಿದುಹೋಗಬಹುದಿತ್ತು. ಆದರೆ ಆ ದಿನ ಎರಡನೇ ಸುತ್ತಿನ ಟ್ಯೂಬುಗಳನ್ನು ಶಾಝಿಯಾ ತಾವೇ ತಂದರು. ಅವುಗಳ ತಿಳಿ ಹುಲ್ಲಿನ ಬಣ್ಣಕ್ಕೆ, ಚೊಕ್ಕವಾಗಿ ಬಂತು. ಸೂಜಿ ಅದೇ, ಮಿಷನ್ ಅದೇ, ವಾರ್ಡೂ ಅದೇ. ಕೈ ಮಾತ್ರ ಬೇರೆ.

ಹಾಲಿನ ಸಂಘದಲ್ಲಿ ಅನುಮಾನ ಬಂದರೆ ಎರಡು ಬಾಟಲಿ ಹಿಡಿಯುವುದು ಕ್ರಮ. ಒಂದೇ ಹಾಲು, ಎರಡು ಬಾಟಲಿ, ಎರಡು ಟೆಸ್ಟ್. ಮಧ್ಯಾಹ್ನ ಊಟದ ಹೊತ್ತಿಗೆ ಮುತ್ಯಾಲಮ್ಮ ರಕ್ತ ತೆಗೆಯುವ ಕುರ್ಚಿಯಲ್ಲಿ ತಾವೇ ಕೂತು ತೋಳು ಚಾಚಿದರು.

"ಎರ್ಡು ಟ್ಯೂಬ್ ತೆಗೀರಿ ಮೇಡಂ."

"ಏನಾಯ್ತಮ್ಮಾ, ಜ್ವರಾನಾ?"

"ಜ್ವರ ಇಲ್ಲ ಏನಿಲ್ಲ. ತೆಗೀರಿ, ಆಮೇಲ್ ಹೇಳ್ತೀನಿ."

ಒಂದು ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಹಾಗೇ ಇಟ್ಟರು. ಇನ್ನೊಂದನ್ನು ಹತ್ತೊಂಬತ್ತು ದಿನ ಅಲ್ಲಾಡಿಸಿದಂತೆಯೇ ಅಲ್ಲಾಡಿಸಿದರು. ಅರ್ಧ ಗಂಟೆ ಕಾದರು, ಎರಡನ್ನೂ ತಿರುಗಿಸಿದರು. ಒಂದರ ತಿಳಿ ಹುಲ್ಲಿನ ಬಣ್ಣ, ಇನ್ನೊಂದರದು ನಸುಗೆಂಪು. ಎಲ್‌ಡಿಎಚ್ ಒಂದರಲ್ಲಿ ನೂರಾ ತೊಂಬತ್ತು, ಇನ್ನೊಂದರಲ್ಲಿ ನಾನೂರಾ ಹತ್ತು. ಒಂದೇ ಹೆಂಗಸು, ಒಂದೇ ತೋಳು. ಕಾಗದದ ಮೇಲೆ ನೋಡಿದರೆ ಒಬ್ಬಳು ಗಟ್ಟಿಗಿತ್ತಿ, ಇನ್ನೊಬ್ಬಳ ಸ್ಥಿತಿ ಕಷ್ಟ.

"ಅಲ್ಲೇ ಸ್ಟೂಲ್ ಮೇಲೆ ಕೂತ್ಬಿಟ್ಟೆ," ಎಂದು ನೆನೆಯುತ್ತಾರೆ. "ಶಾಝಿಯಾ ಮೇಡಂ ನೀರ್ ಕೊಟ್ರು. ಯಾರ್ಗೂ ಹೇಳ್ಬೇಡಿ ಅಮ್ಮಾ, ಇನ್ಮೇಲೆ ಅಲ್ಲಾಡಿಸ್ಬೇಡಿ ಸಾಕು ಅಂದ್ರು. ಪಾಪ, ನನ್ ಕೆಲ್ಸ ಹೋಗ್ತದೆ ಅಂತ ಅವ್ರಿಗೆ ಭಯ."

ಮುತ್ಯಾಲಮ್ಮ ಎರಡೂ ಟ್ಯೂಬು ಹಿಡಿದುಕೊಂಡು ನೇರ ಡಾಕ್ಟರ್ ಚೈತ್ರ ಅವರ ಕೋಣೆಗೆ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಈಗಲೂ ಅವರನ್ನು ರೇಗಿಸುತ್ತಾರೆ. ಮುತ್ಯಾಲಮ್ಮನ ಹತ್ತಿರ ಅದಕ್ಕೆ ಉತ್ತರ ಸಿದ್ಧವಿದೆ. "ಹೆಗಲ ಮೇಲೆ ಬೂದಿ ಇತ್ತಲ್ಲ. ಮುಟ್ಟಿ ನೋಡ್ದೆ ಏನ್ ಮಾಡ್ಲಿ?"

ಡಾಕ್ಟರ್ ಚೈತ್ರ ಬೈಯಲಿಲ್ಲ. ಲೆಕ್ಕ ತೆಗೆದರು. ಹತ್ತೊಂಬತ್ತು ದಿನದಲ್ಲಿ ಅಧ್ಯಯನಕ್ಕೆ ಸೇರಿದ್ದು ಅರವತ್ತೊಂದು ಟ್ಯೂಬು. ಅಷ್ಟನ್ನೂ ಹೊರಗಿಟ್ಟರು. ಅವು ಸೇರಿಕೊಂಡೇ ಇದ್ದಿದ್ದರೆ ಏಳೆಂಬ ಗಡಿಯೇ ತಪ್ಪಾಗುತ್ತಿತ್ತು, ಮುಂದಿನ ವರ್ಷಗಳಲ್ಲಿ ಎಷ್ಟು ಜನರ ಮಂಚ ತಪ್ಪುತ್ತಿತ್ತೋ ಗೊತ್ತಿಲ್ಲ ಎನ್ನುತ್ತಾರೆ. ಅಧ್ಯಯನದ ವರದಿಯ ಕರಡಿನಲ್ಲಿ ಈ ಬಗ್ಗೆ ಒಂದು ಸಾಲಿದೆ: ಸಾಗಣೆಯಲ್ಲಿ ಕಣ ಒಡೆದ ಅರವತ್ತೊಂದು ಮಾದರಿಗಳನ್ನು ಕೈಬಿಡಲಾಗಿದೆ. ವರದಿಯ ತಲೆಯಲ್ಲಿ ಒಂಬತ್ತು ಹೆಸರುಗಳಿವೆ, ಎಲ್ಲರೂ ಡಾಕ್ಟರುಗಳು.

ಟ್ಯೂಬು ಬಿಸಾಡಬಹುದು, ಮಂಚವನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಚೈತ್ರ ಆ ಹತ್ತೊಂಬತ್ತು ದಿನದಲ್ಲಿ ಗಾಜಿನ ರೂಮಿಗೆ ಹೋದವರ ಪಟ್ಟಿಯನ್ನೂ ತೆಗೆದರು. ಒಂದು ದಿನದ ಲೆಕ್ಕದಲ್ಲಿ ಕೈ ನಿಂತಿತು. ಅವತ್ತು ಬೆಳಗ್ಗೆ ನಾಲ್ಕನೇ ಮಂಚ ಖಾಲಿಯಿತ್ತು. ಪಾಪಯ್ಯ ಎಂಬ ಅರವತ್ತೆಂಟರ ಮುದುಕರ ಅಂಕಿ ಎಂಟು ಬಂದದ್ದರಿಂದ ಮಂಚ ಅವರಿಗೆ ಹೋಯಿತು. ಪಾಪಯ್ಯ ಎರಡು ದಿನ ಅಲ್ಲಿ ಇಡ್ಲಿ ತಿಂದುಕೊಂಡು ಆರಾಮವಾಗಿದ್ದರು. ಅವರ ಟ್ಯೂಬನ್ನು ಒಯ್ದದ್ದು ಮುತ್ಯಾಲಮ್ಮ. ಅದೇ ಮಧ್ಯಾಹ್ನ ಇಪ್ಪತ್ತೇಳರ ಕವಿತ ದಾಖಲಾದಳು. ಅಷ್ಟರಲ್ಲಿ ಮುತ್ಯಾಲಮ್ಮನ ಪಾಳಿ ಮುಗಿದಿತ್ತು, ಟ್ಯೂಬನ್ನು ನರ್ಸ್ ಒಯ್ದರು, ಯಾರೂ ಅಲ್ಲಾಡಿಸಲಿಲ್ಲ. ಅವಳ ಅಂಕಿಯೂ ಎಂಟು. ಅದು ನಿಜವಾದ ಎಂಟು. ಮಂಚ ಇರಲಿಲ್ಲ. ಒಂಬತ್ತು ಗಂಟೆ ಕಾಲ ಸಾಮಾನ್ಯ ವಾರ್ಡಿನಲ್ಲಿದ್ದಳು, ಬಿಪಿ ಕುಸಿಯಿತು, ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹನ್ನೊಂದು ದಿನ ಐಸಿಯು. ಬದುಕಿದಳು. ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಈಗಲೂ ಎರಡು ತಿಂಗಳಿಗೊಮ್ಮೆ ಇದೇ ಆಸ್ಪತ್ರೆಗೆ ರಕ್ತ ಕೊಡಲು ಬರುತ್ತಾಳೆ.

ಮಂಚ ಸಿಕ್ಕಿದ್ದರೆ ಹಾಗಾಗುತ್ತಿರಲಿಲ್ಲವೇ? "ಗೊತ್ತಿಲ್ಲ," ಎನ್ನುತ್ತಾರೆ ಚೈತ್ರ. "ಆಗದೇ ಇರಬಹುದಿತ್ತು. ಆದರೂ ಆಗಿರಬಹುದಿತ್ತು. ಒಂದು ಮಾತು ಬರ್ಕೊಳ್ಳಿ. ಮಂಚ ಕೊಟ್ಟಿದ್ದು ಮುತ್ಯಾಲಮ್ಮ ಅಲ್ಲ, ನಾನು. ಪಾಪಯ್ಯನವರ ನಂಬರ್ ನೋಡಿದೆ, ಮುಖ ಸರಿಯಾಗಿ ನೋಡ್ಲಿಲ್ಲ. ಆವತ್ತಿಂದ ನಂಬರ್ ಜೊತೆ ತಿಳಿಯ ಬಣ್ಣಾನೂ ಬರೆದು ಕಳಿಸೋ ಪದ್ಧತಿ ಮಾಡಿದೀವಿ."

ಲ್ಯಾಬಿನ ಲೆಕ್ಕದಲ್ಲಿ ತಪ್ಪಾಗಿತ್ತು ಎಂದು ಕವಿತಳ ಗಂಡ ನರೇಶ್‌ಗೆ ಚೈತ್ರ ಆಗಲೇ ಹೇಳಿದ್ದಾರೆ. ಯಾರ ಕೈಯಿಂದ ಎಂದು ಹೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ನರೇಶ್ ಇರಲಿಲ್ಲ, ಹೆಂಡತಿ ಬದುಕಿದ್ದೇ ಸಾಕಾಗಿತ್ತು. ಮುತ್ಯಾಲಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಟ್ಯೂಬನ್ನು ಮೆಲ್ಲಗೆ ಐದು ಸಲ ತಿರುಗಿಸುವುದನ್ನು ಶಾಝಿಯಾ ಕಲಿಸಿಕೊಟ್ಟರು. ಅದನ್ನು ಕೈಗೆ ಕೂರಿಸಲು ಮುತ್ಯಾಲಮ್ಮ ಮನೆಯಲ್ಲಿ ನೀರು ತುಂಬಿದ ಔಷಧದ ಶೀಸೆ ಹಿಡಿದು ಎರಡು ವಾರ ಅಭ್ಯಾಸ ಮಾಡಿದರು. ಆಂಜಿನಪ್ಪ ಅದನ್ನು ನೋಡಿ, ಇವಳಿಗೆ ಏನೋ ಆಗಿದೆ ಎಂದುಕೊಂಡಿದ್ದರಂತೆ.

ಕವಿತ ಮುತ್ಯಾಲಮ್ಮನದೇ ಹೋಬಳಿಯವಳು. ರಕ್ತ ಕೊಡಲು ಬಂದಾಗಲೆಲ್ಲ "ಮುತ್ಯಾಲಕ್ಕ" ಎಂದು ಬಾಯ್ತುಂಬ ಮಾತಾಡಿಸುತ್ತಾಳೆ. ಒಮ್ಮೆ ಹೊಲದ ದಂಟಿನ ಸೊಪ್ಪು ತಂದುಕೊಟ್ಟಳು. ಇನ್ನೊಮ್ಮೆ ಮೂರು ವರ್ಷದ ಮಗಳನ್ನು ತಂದು ತೊಡೆಯ ಮೇಲೆ ಕೂರಿಸಿ ಹೋದಳು. "ಆ ಸೊಪ್ಪು ನಾನ್ ತಿನ್ಲಿಲ್ಲ," ಎನ್ನುತ್ತಾರೆ ಮುತ್ಯಾಲಮ್ಮ. "ಪ್ರತೀ ಸಲ ಇವತ್ ಹೇಳ್ತೀನಿ ಅನ್ಕಳ್ಳೋದು. ಮಗೂನ ನೋಡ್ತಿದ್ದಂಗೆ ಬಾಯಿ ಕಟ್ಕಳ್ತದೆ. ಹೇಳ್ದೆ ಇದ್ರೆ ಅಕ್ಕ ಅಕ್ಕ ಅಂತಾಳೆ. ಹೇಳಿದ್ರೆ ಆ ಅಕ್ಕ ಅನ್ನೋದು ಹೋಗ್ತದೆ. ಅದೊಂದ್ ಆಸೆ ನೋಡಿ, ಸ್ವಾರ್ಥ." ಹತ್ತು ತಿಂಗಳು ಹೀಗೇ ಹೋಯಿತು. ಪತ್ರಿಕೆಯ ಕಡೆಯಿಂದ ಫೋನ್ ಹೋದದ್ದೇ ಒಂದು ನೆಪವಾಯಿತು.

ಆಷಾಢದ ಎರಡನೇ ಭಾನುವಾರ ಮುತ್ಯಾಲಮ್ಮ ಗಂಡನ ಬೈಕಿನಲ್ಲಿ ಕವಿತಳ ಮನೆಗೆ ಹೋಗುತ್ತಾರೆ. ಗಾಳಿ ಧೂಳೆಬ್ಬಿಸುತ್ತಿದೆ. ಆಂಜಿನಪ್ಪ ಬೈಕ್ ನಿಲ್ಲಿಸಿ ರಸ್ತೆಯಲ್ಲೇ ಉಳಿಯುತ್ತಾರೆ. ಜಗುಲಿಯಲ್ಲಿ ಕವಿತ, ಅವಳ ಅತ್ತೆ ರುಕ್ಮಿಣಮ್ಮ ಸಂಜೆಯ ಮಂಡಿಗೆ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಾರೆ. ಮಗು ಬಾಳೆನಾರಿನ ತುಂಡುಗಳನ್ನು ಎಣಿಸಿ ಕೊಡುತ್ತಿದೆ.

"ಬನ್ನಿ ಅಕ್ಕ, ಏನ್ ಇಷ್ಟ್ ದೂರ? ಕೂತ್ಕಳಿ, ಕಾಫಿ ಮಾಡ್ತೀನಿ," ಎಂದು ಕವಿತ ಎದ್ದು ನಿಲ್ಲುತ್ತಾಳೆ.

"ಕಾಫಿ ಆಮೇಲೆ. ಮೊದ್ಲು ಒಂದ್ ಮಾತು ಕೇಳು. ಕೇಳಿದ್ಮೇಲೆ ಬೇಕಾದ್ರೆ ಮಾಡು."

ಮುತ್ಯಾಲಮ್ಮ ನಿಂತೇ ಹೇಳುತ್ತಾರೆ. ಹಾಲಿನ ಬಾಟಲಿ, ಪಾಪಯ್ಯನ ಟ್ಯೂಬು, ನಾಲ್ಕನೇ ಮಂಚ. ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದರೋ ಏನೋ, ಮಾತು ತಡವರಿಸದೆ ಬರುತ್ತದೆ. ಅರ್ಥವಾಗಲು ರುಕ್ಮಿಣಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅರ್ಥವಾದ ಮೇಲೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಡುತ್ತಾರೆ.

"ಈ ಮಗು ಹನ್ನೊಂದ್ ದಿನ ಅಮ್ಮ ಅಮ್ಮ ಅಂತ ಅತ್ತೈತೆ. ನನ್ ಸೊಂಟದ್ ಮೇಲಿಂದ ಇಳೀಲಿಲ್ಲ. ನನ್ ಮಗ ಅನ್ನ ಬಿಟ್ಟು ಆಸ್ಪತ್ರೆ ಮುಂದೆ ಫುಟ್‌ಪಾತ್ನಾಗೆ ಮಲ್ಗಿದ್ದ. ನೀನ್ ನೋಡಿದ್ರೆ ಹಾಲು ಅನ್ಕಂಡು ಅಲ್ಲಾಡಿಸ್ಬಿಟ್ಟೆ ಅಂತೀಯ. ನಿನ್ ಕೈ ಮುರಿಯ."

ಕವಿತ ಮತ್ತೆ ಕೂತಿದ್ದಾಳೆ. ತಲೆ ಬಗ್ಗಿಸಿ ಒಂದು ಕಟ್ಟು ಕಟ್ಟುತ್ತಾಳೆ, ಇನ್ನೊಂದು ಕಟ್ಟುತ್ತಾಳೆ. ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾಳೆ.

"ಆ ತಾತ ಇದಾರಾ?"

"ಇದಾರೆ ಕಣಮ್ಮ. ಚೆನ್ನಾಗಿದಾರೆ."

"ಹೂಂ."

ಅಷ್ಟೇ. ಕಾಫಿಯ ಮಾತು ಮತ್ತೆ ಬರುವುದಿಲ್ಲ, ನೀರೂ ಬರುವುದಿಲ್ಲ. ಮುತ್ಯಾಲಮ್ಮ "ಬರ್ತೀನಿ" ಎನ್ನುತ್ತಾರೆ. ಮಗು ಮಾತ್ರ ಕೈಯಾಡಿಸುತ್ತದೆ. ಮನೆ ಮುಟ್ಟಿದ ಮೇಲೆ ಆಂಜಿನಪ್ಪ, "ಹೇಳಿದ್ಯಲ್ಲ, ಬಿಡು," ಎನ್ನುತ್ತಾರೆ. ಬಿಡುವುದು ಅಷ್ಟು ಸುಲಭವಲ್ಲ. ಅಂದು ರಾತ್ರಿ ಮುತ್ಯಾಲಮ್ಮ ಊಟ ಮಾಡಲಿಲ್ಲ ಎಂದು ಮಾರನೆಯ ದಿನ ಆಂಜಿನಪ್ಪನೇ ಶಾಝಿಯಾಗೆ ಫೋನ್ ಮಾಡಿ ಹೇಳಿದ್ದಾರೆ.

ಕವಿತಳ ರಕ್ತ ಪರೀಕ್ಷೆಯ ದಿನ ಅದೇ ವಾರದ ಗುರುವಾರ. ಅವಳು ಬರುವುದಿಲ್ಲ, ಬೇರೆ ಆಸ್ಪತ್ರೆಗೆ ಹೋಗುತ್ತಾಳೆ ಎಂದು ಮುತ್ಯಾಲಮ್ಮ ಬುಧವಾರವೇ ಹೇಳಿಬಿಟ್ಟಿದ್ದಾರೆ. "ಹೋದ್ರೂ ತಪ್ಪೇನಿಲ್ಲ. ನಾನಾಗಿದ್ರೆ ನಾನೂ ಹೋಗ್ತಿದ್ದೆ."

ಗುರುವಾರ ಏಳೂವರೆಗೆ ಮೊದಲ ಮಹಡಿಯ ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿ ಕವಿತ ನಿಂತಿದ್ದಾಳೆ. ಹಿಂದೆ ಯಾರೂ ಇಲ್ಲ, ಒಬ್ಬಳೇ. ಚೀಟಿ ಕೊಟ್ಟು ಕುರ್ಚಿಯಲ್ಲಿ ಕೂರುತ್ತಾಳೆ. "ಅಕ್ಕ" ಎನ್ನುವುದಿಲ್ಲ. ಮುತ್ಯಾಲಮ್ಮ ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟು ಗೋಡೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಶಾಝಿಯಾ ನರ ಹುಡುಕುತ್ತಾರೆ, ಚುಚ್ಚುತ್ತಾರೆ, ಹಳದಿ ಮುಚ್ಚಳದ ಟ್ಯೂಬು ತುಂಬುತ್ತದೆ. ಹತ್ತಿ ಒತ್ತಿ, ಟ್ಯೂಬು ಹಿಡಿದುಕೊಂಡು, ಇವತ್ತು ತಾವೇ ಒಯ್ಯುತ್ತೇನೆ ಎಂಬಂತೆ ಶಾಝಿಯಾ ಏಳುತ್ತಾರೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದಾರೆ.

"ನೀವ್ಯಾಕೆ ಏಳ್ತೀರಾ ಮೇಡಂ?" ಎನ್ನುತ್ತಾಳೆ ಕವಿತ, ಹತ್ತಿಯನ್ನು ಒತ್ತಿ ಹಿಡಿದುಕೊಂಡು. "ಟ್ಯೂಬ್ ಅಕ್ಕನ್ ಕೈಗೆ ಕೊಡಿ. ನಾನ್ ಹಿಂದೆ ಬರ್ತೀನಿ. ನಂಗ್ ನೋಡ್ಬೇಕು."

ಶಾಝಿಯಾ ಮುತ್ಯಾಲಮ್ಮನ ಮುಖ ನೋಡುತ್ತಾರೆ. ಮುತ್ಯಾಲಮ್ಮ ಕೋಟಿಗೆ ಕೈ ಒರೆಸಿಕೊಂಡು ಮುಂದೆ ಬಂದು ಟ್ಯೂಬು ತೆಗೆದುಕೊಳ್ಳುತ್ತಾ, "ನೋಡು. ನೋಡ್ಬೇಕು," ಎನ್ನುತ್ತಾರೆ. ಐದು ಸಲ ತಿರುಗಿಸುತ್ತಾರೆ. ಕವಿತ ತುಟಿಯಲ್ಲೇ ಎಣಿಸುತ್ತಿರುವುದು ಕಾಣುತ್ತದೆ.

ಇಬ್ಬರೂ ಮೆಟ್ಟಿಲಿಳಿಯುತ್ತಾರೆ. ಮುಂದೆ ಮುತ್ಯಾಲಮ್ಮ, ಒಂದು ಮೆಟ್ಟಿಲು ಹಿಂದೆ ಕವಿತ. ಲ್ಯಾಬಿನ ಮುಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಕಾಯುತ್ತಾಳೆ, ಕಾಫಿಗೂ ಏಳುವುದಿಲ್ಲ. ಮಿಷನ್ ತಿರುಗುವ ಹತ್ತು ನಿಮಿಷವೂ ಬಾಗಿಲ ಬಳಿ ನಿಂತಿರುತ್ತಾಳೆ. ಮಿಷನ್ ನಿಂತಾಗ ಮುತ್ಯಾಲಮ್ಮ ಟ್ಯೂಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕವಿತ ಹತ್ತಿರ ಬಂದು ಕತ್ತು ಚಾಚಿ ನೋಡುತ್ತಾಳೆ. ಕೆಳಗೆ ಕೆಂಪು, ಮೇಲೆ ಹುಲ್ಲಿನ ಬಣ್ಣದ ಚೊಕ್ಕ ತಿಳಿ.

"ಹಿಂಗೇ ಇರ್ಬೇಕಾ ಅಕ್ಕ?"

"ಹೂಂ ಕಣಮ್ಮ," ಎನ್ನುತ್ತಾರೆ ಮುತ್ಯಾಲಮ್ಮ. "ಹಿಂಗೇ ಇರ್ಬೇಕು."